ಬಿಸಿಲಿಗೆ ಹಿಡಿದ ಬಟ್ಟೆ ತುಂಡು

ಹೋದ ವಾರ ಹಳೆಯ ಕಾಲೇಜು ಫೈಲನ್ನು ಬಿಚ್ಚಿದಾಗ ಒಂದು ರಟ್ಟು ಜಾರಿ ಬಿತ್ತು. ಅದರ ಮೇಲೆ ಗುಂಡುಪಿನ್ನಿನಿಂದ ಚುಚ್ಚಿದ ಎಂಟು ಬಟ್ಟೆ ತುಂಡುಗಳು. ಮೂಗಿಗೆ ಹಿಡಿದರೆ ಹೊಲಿಗೆ ಮಿಷಿನ್ನಿನ ಎಣ್ಣೆಯ ವಾಸನೆ ಇನ್ನೂ ಇತ್ತು, ಅಥವಾ ಇದೆ ಎಂದು ನನಗೆ ಅನ್ನಿಸಿತು... ಫೈಲು ಯಾಕೆ ಬಿಚ್ಚಿದೆ ಎಂಬುದನ್ನು ಆಮೇಲೆ ಹೇಳುತ್ತೇನೆ.

ಕೊಟ್ಟೂರಿನಲ್ಲಿ ನಮ್ಮ ಮನೆಯ ಎದುರಿಗೆ ರವಿಕೆ ಹೊಲಿಯುವ ಅತ್ತೆ ಇದ್ದರು. ಸಂಬಂಧದಲ್ಲಿ ಅತ್ತೆಯೇನಲ್ಲ, ಓಣಿಗೆಲ್ಲ ಅತ್ತೆ. ಬಾಯಿಯ ಸುತ್ತ, ಗದ್ದದ ಮೇಲೆ ತೊನ್ನಿನ ಬಿಳಿ ಕಲೆ. ಹೊಸಬರು ಬಂದರೆ ಸೆರಗು ತಾನಾಗಿ ಬಾಯಿಗೆ ಹೋಗುತ್ತಿತ್ತು. "ಊರಿಗೆಲ್ಲ ಮ್ಯಾಚಿಂಗ್ ಮಾಡಿ ಕೊಡ್ತೀನಿ, ನನ್ನ ಮಾರಿಗೆ ಮ್ಯಾಚಿಂಗ್ ತುಂಡು ಸಿಗಲಿಲ್ಲ ನೋಡವ್ವ," ಎಂದು ತಾವೇ ನಗುತ್ತಿದ್ದರು.

ನಾನಾಗ ಹರಪನಹಳ್ಳಿಯ ಕಾಲೇಜಿನಲ್ಲಿ ಪತ್ರಿಕೋದ್ಯಮದ ಕೊನೆಯ ವರ್ಷ. ಪಾಸಾಗಲು ಒಂದು ಕಿರುಚಿತ್ರ ಮಾಡಲೇಬೇಕಿತ್ತು. ಇದ್ದದ್ದು ಒಂದೇ ಕ್ಯಾಮೆರಾ. ಮೊದಲ ಒಂದು ನಿಮಿಷ ಯಾವ ಬಣ್ಣದಲ್ಲಿ, ಯಾವ ಬೆಳಕಿನಲ್ಲಿ ಕಾಣುತ್ತದೆ ಎಂದು ತೋರಿಸಿ ಒಪ್ಪಿಸಿದವರಿಗೆ ಮಾತ್ರ ಒಂದು ದಿನದ ಮಟ್ಟಿಗೆ ಕೊಡುತ್ತಿದ್ದರು. ನಾನು ನೀಲಗುಂದದ ಗುಡಿಯ ಹಿಂದೆ ಸೂರ್ಯ ಹುಟ್ಟುವುದನ್ನು ಬರೆದುಕೊಂಡು ಹೋದೆ. "ವರ್ಷಾ ವರ್ಷಾ ಅದೇ ಗುಡಿ ಹಿಂದೆ ಹುಟ್ಟಿ ಸೂರ್ಯಂಗೂ ಬ್ಯಾಸರಾಗೇತಮ್ಮ," ಎಂದು ಮೇಷ್ಟ್ರು ಹಾಳೆ ವಾಪಸು ಕೊಟ್ಟರು. ಇನ್ನೊಂದೇ ಅವಕಾಶ ಉಳಿದಿತ್ತು.

ಮರುದಿನ ಮಧ್ಯಾಹ್ನ ಅತ್ತೆಯ ಅಂಗಡಿಯಲ್ಲಿ ಮುಖ ಊದಿಸಿಕೊಂಡು ಕೂತೆ. ಅವರು ಯಾರದೋ ಕೆಂಪು ರವಿಕೆಗೆ ಲೈನಿಂಗ್ ಹುಡುಕುತ್ತಿದ್ದರು. ಒಂದು ತುಂಡು ಎತ್ತಿ ಇದೇ ಸರಿ ಎಂದೆ.

"ಟ್ಯೂಬ್‌ಲೈಟಿನ್ಯಾಗ ಎಲ್ಲಾ ಸರೀನ ಕಾಣತಾವು. ಹೊರಗ ಒಯ್ದು ಬಿಸಲಿಗೆ ಹಿಡಿ."

ಹಿಡಿದೆ. ಒಳಗೆ ಒಂದೇ ಆಗಿದ್ದ ಎರಡು ಕೆಂಪು ಹೊಸ್ತಿಲಾಚೆ ಬೇರೆ ಬೇರೆಯಾದವು. ಅಯ್ಯೋ, ಇಷ್ಟು ದಿನ ಎದುರುಮನೆಯಲ್ಲೇ ಇತ್ತಲ್ಲ ನನ್ನ ಮೊದಲ ನಿಮಿಷ!

ಇಬ್ಬರೂ ಕೂತು ರಟ್ಟಿಗೆ ತುಂಡು ಚುಚ್ಚಿದೆವು. ನಾಲ್ಕು ಅಂಗಡಿಯೊಳಗಿನ ದೃಶ್ಯದ ಬಣ್ಣ, ನಾಲ್ಕು ಹೊರಗಿನ ಬಿಸಿಲಿನದು. ಚಿತ್ರದ ಶುರುವಿಗೆ ಅತ್ತೆಯ ಕೈ, ಬಟ್ಟೆ, ಹೊಸ್ತಿಲು, ಬಿಸಿಲು. ಅವರ ಷರತ್ತು ಒಂದೇ. "ಕೈ ಅಷ್ಟ ತಗೋ. ಮಾರಿ ಬ್ಯಾಡವ್ವ." ಮಾತು ಕೊಟ್ಟೆ. ಮೇಷ್ಟ್ರು ರಟ್ಟನ್ನು ಕಿಟಕಿಗೆ ಹಿಡಿದು ನೋಡಿ ಕ್ಯಾಮೆರಾ ಕೊಟ್ಟರು.

ಶೂಟಿಂಗಿನ ದಿನ ಅತ್ತೆ ಹೊಸ್ತಿಲು ದಾಟಿ ಕೆಂಪು ಬಟ್ಟೆ ಎತ್ತಿ ಹಿಡಿದರು. ಗಾಳಿಗೆ ಅದು ಮುಖದ ಮೇಲೆ ಬಂತು. ಸರಿಸಿ ನಕ್ಕರು, ಸೆರಗು ಮರೆತಿದ್ದರು. ನಾಲ್ಕು ಸೆಕೆಂಡ್. ಇಡೀ ಚಿತ್ರದಲ್ಲಿ ಅಷ್ಟು ಚೆಂದದ್ದು ಇನ್ನೊಂದಿರಲಿಲ್ಲ. "ಇರಲಿ ಬಿಡೇ," ಎಂದರು ಗೆಳತಿಯರು. ನನಗೂ ಆಸೆಯಾಯಿತು, ಸುಳ್ಳೇಕೆ... ಇಟ್ಟುಕೊಂಡರೆ ಎಂದಾದರೂ ಸೇರಿಸಿಬಿಡುತ್ತೇನೆ ಎಂದು ಹೆದರಿ ಪೂರ್ತಿ ಅಳಿಸಿದೆ. ಅತ್ತೆ ಮೊಬೈಲಿನಲ್ಲಿ ಚಿತ್ರ ನೋಡಿ, "ನನ್ನ ಕೈ ಇಷ್ಟು ಚಂದ ಅದಾವನ!" ಎಂದರು.

ಹೋದ ವಾರ ಅವರ ತಂಗಿಯ ಮಗಳು ಹಡಗಲಿಯಿಂದ ಫೋನ್ ಮಾಡಿದಳು. ಅತ್ತೆ ತೀರಿಕೊಂಡು ಆಗ ಎಂಟು ದಿನ.

"ಹಾರ ಹಾಕಾಕ ಒಂದ್ ಫೋಟೋ ಇಲ್ರಿ ಅಕ್ಕಾ. ಆಧಾರ್ ಕಾರ್ಡಿನ್ಯಾಗ ದೊಡ್ಡವ್ವ ದೊಡ್ಡವ್ವನಂಗ ಇಲ್ಲ. ನಿಮ್ಮ ಸಿನಿಮಾದಾಗ ಅದಾಳಂತಲ್ರಿ?"

ಅದಕ್ಕೇ ಫೈಲು ಬಿಚ್ಚಿದ್ದು. ಅದರೊಳಗಿನ ಪೆನ್‌ಡ್ರೈವ್‌ನಲ್ಲಿ ಚಿತ್ರ ಸಿಕ್ಕಿತು. ಕೈಗಳಷ್ಟೇ. ಮುಖ ಇತ್ತು, ಅತ್ತೆ ಬೇಡ ಎಂದಿದ್ದಕ್ಕೆ ನಾನೇ ಅಳಿಸಿದೆ ಎಂದು ಆಕೆಗೆ ಹೇಳಿದೆ. ಕೊಟ್ಟ ಮಾತು ಉಳಿಸಿಕೊಂಡವಳು ನಾನು, ಆದರೂ ಕ್ಷಮೆ ಕೇಳಿದೆ.

"ಆಕಿ ಹೇಳಿದ್ದ ಕೇಳೀರಿ, ಬಿಡ್ರಿ. ಕೈದ ಒಂದ್ ಫೋಟೋ ಕಳಸ್ರಿ."

ಕಳಿಸಿದೆ. ಅದಕ್ಕೇ ಕಟ್ಟು ಹಾಕಿಸಿ ಹಾರ ಹಾಕಿದ್ದಾಳೆ. ಬಿಸಿಲಿಗೆ ಎತ್ತಿದ ಎರಡು ಕೈ, ನಡುವೆ ಕೆಂಪು ಬಟ್ಟೆ. ಅದರ ಮರುಕ್ಷಣವೇ ಬಟ್ಟೆ ಸರಿದು ಅತ್ತೆ ನಕ್ಕಿದ್ದರು. ನಾನು ಅಲ್ಲಿಗೆ ಕತ್ತರಿಸಿದ್ದೆ.