ಸೀಬೆಹಣ್ಣಿನ ತೊಟ್ಟು

ಆನೇಕಲ್ ಹತ್ತಿರ ಕೆರೆ ಪಕ್ಕ ಒಂದು ಸೀಬೆತೋಟ ಇದೆ, ನಾವೇ ಮರದಿಂದ ಹಣ್ಣು ಕಿತ್ತುಕೊಳ್ಳಬಹುದು ಅಂತ ಯಾರೋ ಹೇಳಿದ್ದರು. ಭಾನುವಾರ ನಾನೂ ನಮ್ಮ ಯಜಮಾನರೂ ಹೋದೆವು. ತೋಟದ ಅಕ್ಕ ಗೇಟಿನಲ್ಲೇ ತಡೆದು, "ಇವತ್ತು ಅಣ್ಣು ಕೀಳಂಗಿಲ್ಲ ಮೇಡಂ, ನಾಡಿದ್ದು ಬನ್ನಿ" ಅಂದರು. ಮಾರತ್ತಹಳ್ಳಿ ಟ್ರಾಫಿಕ್ಕಿನಿಂದ ಪಾರಾಗಿ ಬಂದವರು ಸುಮ್ಮನೆ ವಾಪಸ್ ಹೋಗ್ತೀವಾ? ಕೆರೆ ನೋಡ್ಕೊಂಡು ಹೋಗ್ತೀವಿ ಅಂತ ಒಳಗೆ ನುಗ್ಗಿದೆವು.

ಇವರು ಫೋನ್ ಹಿಡಿದು ಕೆರೆ ಏರಿ ಹತ್ತಿದರು. ನಾನು ಮರಗಳ ನಡುವೆಯೇ ನಿಂತೆ. ಅಲ್ಲ, ಇಷ್ಟು ಹಣ್ಣಿರುವಾಗ ಕೀಳಬಾರದು ಯಾಕೆ? ಕೈಗೆಟುಕಿದ ಒಂದನ್ನು ತಿರುಗಿಸಿ ನೋಡಿದೆ. ತೊಟ್ಟಿಗೆ ಹಸಿರು ದಾರ ಕಟ್ಟಿತ್ತು. ಪಕ್ಕದ್ದಕ್ಕೂ!

"ಅಕ್ಕಾ, ಇದೇನಿದು?"

ಅವರ ಮುಖ ಸಣ್ಣದಾಯಿತು. "ನಿನ್ನೆ ಬಂದೋರು ಒಂದೂ ಬಿಡ್ದಂಗೆ ಕಿತ್ಕೊಂಡೋದ್ರು. ನಾಳೆ ಸ್ಕೂಲ್ ಮಕ್ಳು ಬರ್ತವೆ. ಬರೀ ಎಲೆ ತೋರ್ಸಿ ಕಳ್ಸಕ್ಕಾಯ್ತದಾ? ಮಾರ್ಕೆಟಿಂದ ತಂದು ಕಟ್ತಾ ಇದೀನಿ. ಫೋನಲ್ಲಿ ಹಾಕ್ಬುಡ್ಬೇಡಿ ಮೇಡಂ."

ಆಫೀಸಿನಲ್ಲಿ ನನ್ನದು ಸಾಫ್ಟ್‌ವೇರ್ ಟೆಸ್ಟಿಂಗ್, ಅಂದರೆ ದಿನವಿಡೀ ಇನ್ನೊಬ್ಬರ ತಪ್ಪು ಹುಡುಕೋ ಕೆಲಸ. ಬಾಯಿ ಸುಮ್ಮನಿರಲಿಲ್ಲ. "ಗಂಟು ಎದ್ದು ಕಾಣ್ತಿದೆ ಅಕ್ಕಾ, ಎಲೆ ಮರೆಗೆ ಕಟ್ಬೇಕು" ಅಂದೆ. ಅವರು ದಾರದ ಉಂಡೆಯನ್ನು ನನ್ನ ಕೈಗೇ ಕೊಟ್ಟುಬಿಟ್ಟರು.

ಕೀಳೋಕೆ ಹೋದವಳು ಕಟ್ಟುತ್ತಾ ನಿಂತಿದ್ದೆ. ಅಷ್ಟರಲ್ಲಿ, ನಾನು ಆಗಷ್ಟೇ ಮುಗಿಸಿದ್ದ ಮರದ ಕಡೆಯಿಂದ ಇವರು ಬಂದರು. ಕೈಯಲ್ಲಿ ಅರ್ಧ ತಿಂದ ಸೀಬೆಹಣ್ಣು.

"ಕದ್ದು ಕಿತ್ತೆ ಕಣೇ. ಮರದ ಹಣ್ಣಿನ ರುಚಿನೇ ಬೇರೆ. ಮಾರ್ಕೆಟ್ ಹಣ್ಣಿಗೆ ಈ ರುಚಿ ಬರುತ್ತಾ?"

ಅಕ್ಕ ನನ್ನ ಮುಖ ನೋಡಿದರು. ನಾನು ದಾರದ ಉಂಡೆಯನ್ನು ದುಪಟ್ಟಾದೊಳಗೆ ಸೇರಿಸಿ, "ಎಲ್ಲಿ ಬರುತ್ತೆ ಬಿಡಿ" ಅಂದೆ.

ನಾಳೆ ಬರುವ ಮಕ್ಕಳ ಬಗ್ಗೆ ಆಮೇಲೆ ಅಕ್ಕನಿಗೂ ನನಗೂ ಚಿಂತೆ ಇರಲಿಲ್ಲ.