ಕಾಟಾದ ಮೇಲೆ ನಿಲ್ಲದ ಎತ್ತುಗಳು

ಲಾರಿಗೆ ಒಂದು ದೊಡ್ಡ ಗುಣವಿದೆ. ನಿಲ್ಲಿಸಿದರೆ ನಿಲ್ಲುತ್ತದೆ. ಎತ್ತಿಗೆ ಆ ಗುಣವಿಲ್ಲ ಎಂಬುದನ್ನು ಕುಕನೂರಿನ ರೈತರ ಮಗಳಾದ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೆ ಡಿಪ್ಲೊಮಾ ಮುಗಿಸಿ, ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಕಂಪ್ಯೂಟರಿನ ಮುಂದೆ ಕೂತ ಮೇಲೆ ಎತ್ತು ಅನ್ನುವ ಪ್ರಾಣಿಯೇ ನನ್ನ ತಲೆಯಿಂದ ಹಾರಿಹೋಗಿತ್ತು.

ಎಂಬತ್ತರ ದಶಕದ ಕೊನೆಯ ಮಾತು. ಮಿಲ್ಲಿನ ಸಾವ್ಕಾರರು ಹೊಸದಾಗಿ ಗಾಡಿ ತೂಗುವ ಎಲೆಕ್ಟ್ರಾನಿಕ್ ಕಾಟಾ ಹಾಕಿಸಿದ್ದರು. ಭತ್ತ ತುಂಬಿದ ಲಾರಿ ಇಡಿಯಾಗಿ ಅದರ ಮೇಲೆ ಹತ್ತಿ ನಿಂತರೆ, ಕಿಟಕಿಯ ಪಕ್ಕದ ಪೆಟ್ಟಿಗೆಯಲ್ಲಿ ಕೆಂಪು ಅಂಕಿ ಮೂಡುತ್ತಿತ್ತು. ಪೆಟ್ಟಿಗೆಯಿಂದ ಒಂದು ವೈರು ನನ್ನ ಕಂಪ್ಯೂಟರಿಗೆ. ಪೆಟ್ಟಿಗೆ ಪುರಸೊತ್ತಿಲ್ಲದೆ ಕಳಿಸುವ ಅಂಕಿಗಳನ್ನು ಓದಿ, ಅವು ಅಲುಗಾಡದೆ ನಿಂತ ಕೂಡಲೇ ತೂಕದ ಚೀಟಿ ಮುದ್ರಿಸುವ ಪ್ರೋಗ್ರಾಂ ನಾನು ಬರೆದದ್ದು. ನಮ್ಮ ಕಸುಬಿನಲ್ಲಿ ಅದಕ್ಕೆ ಡ್ರೈವರ್ ಅನ್ನುತ್ತಾರೆ. ಲಾರಿಗಳನ್ನು ಅದು ಚೆನ್ನಾಗಿಯೇ ತೂಗಿತು. ಸಾವ್ಕಾರರು ಬಂದವರಿಗೆಲ್ಲ ಚಹಾ ಕುಡಿಸಿ, ಕರೆದುಕೊಂಡು ಹೋಗಿ ತೋರಿಸಿದರು. ನಾನೂ ಸ್ವಲ್ಪ ಉಬ್ಬಿದ್ದೆ.

ಆಮೇಲೆ ಹತ್ತಿರದ ಹಳ್ಳಿ ನವಲಿಯ ಕಾಕಾನ ಗಾಡಿ ಬಂತು. ನನಗೆ ಅವರು ಸಂಬಂಧಿಕರಲ್ಲ. ವಯಸ್ಸಾದ ಗಾಡಿಯವರನ್ನು ಮಿಲ್ಲಿನಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದರು. ಊರವರ ಭತ್ತವನ್ನು ತಮ್ಮ ಎತ್ತಿನ ಗಾಡಿಯಲ್ಲಿ ಬಾಡಿಗೆಗೆ ಮಿಲ್ಲಿಗೆ ತರುವುದೇ ಸುಗ್ಗಿಯಲ್ಲಿ ಅವರ ಜೀವನ. ಗಾಡಿ ಕಾಟಾ ಹತ್ತಿತು. ಒಂದೆತ್ತು ಕಾಲು ಬದಲಿಸಿತು, ಇನ್ನೊಂದು ನೊಣ ಓಡಿಸಲು ತಲೆ ಝಾಡಿಸಿತು. ಅಂಕಿ ಮೇಲೆ ಹೋಯಿತು, ಕೆಳಗೆ ಬಂತು, ಮತ್ತೆ ಮೇಲೆ ಹೋಯಿತು. ಚೀಟಿ ಮಾತ್ರ ಬರಲಿಲ್ಲ. ಹಿಂದೆ ನಿಂತ ಲಾರಿಗಳು ಹಾರ್ನ್ ಹೊಡೆದವು. ಅದಕ್ಕೆ ಎತ್ತುಗಳು ಇನ್ನಷ್ಟು ಕುಣಿದವು.

ಸಾವ್ಕಾರರ ತಾಳ್ಮೆ ಮುಗಿಯಿತು. “ಲಾರಿ ತೂಗತೈತಿ, ಟ್ರ್ಯಾಕ್ಟರ್ ತೂಗತೈತಿ, ಸಾಕು. ಇನ್ನ ಮುಂದ ಗಾಡಿ ತರಬ್ಯಾಡ್ರಿ ಅಂತ ಹೇಳಿಬಿಡ್ರಿ ಎಲ್ಲಾರಿಗೂ.”

ಕಾಕಾ ಎತ್ತಿನ ಬೆನ್ನು ಸವರುತ್ತ ನಿಂತರು. ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಸಿಟ್ಟು ಬರುವಾಗ ನನ್ನನ್ನು ಕೇಳಿ ಬರುವುದಲ್ಲ. “ಎತ್ತಿಂದೇನು ತಪ್ಪೈತ್ರಿ? ತಪ್ಪು ನನ್ನ ಪ್ರೋಗ್ರಾಮಿಂದು. ಸುಗ್ಗಿ ಜೋರಾಗೂದ್ರೊಳಗ ಸರಿ ಮಾಡಿ ಕೊಡ್ತೀನ್ರಿ” ಎಂದೆ.

“ಮಾಡಿದ್ರ ಗಾಡಿ ಬರಲಿ. ಇಲ್ಲಾಂದ್ರ ಇಲ್ಲ” ಅಂದರು ಸಾವ್ಕಾರರು.

ಪ್ರತಿ ಸಲ ತಿದ್ದಿ ನೋಡಲು ಕಾಟಾ ನನಗೆಲ್ಲಿ ಸಿಗಬೇಕು? ಅದರ ಮೇಲೆ ಸದಾ ಲಾರಿ. ಹಾಗಾಗಿ ಒಂದು ಉಪಾಯ ಹೂಡಿದೆ. ಪೆಟ್ಟಿಗೆ ಕಳಿಸುವ ಅಂಕಿಗಳನ್ನೆಲ್ಲ ಬಂದ ಹಾಗೇ ಫ್ಲಾಪಿಗೆ ತುಂಬಿಕೊಳ್ಳುವುದು. ಆಮೇಲೆ ಪ್ರೋಗ್ರಾಂ ತಿದ್ದಿದಾಗಲೆಲ್ಲ ಅದೇ ಅಂಕಿಗಳನ್ನು ಫ್ಲಾಪಿಯಿಂದ ಅದಕ್ಕೆ ಉಣಿಸುವುದು. ಕಾಟಾದ ಮೇಲೆ ನಿಜವಾಗಿ ಗಾಡಿ ಇದೆಯೋ ಇಲ್ಲವೋ, ಪ್ರೋಗ್ರಾಮಿಗೇನು ಗೊತ್ತು? ಲಾರಿಗಳದನ್ನೂ ತುಂಬಿಟ್ಟೆ. ಗಾಡಿಗಾಗಿ ತಿದ್ದಲು ಹೋಗಿ ಲಾರಿಯ ತೂಕ ಕೆಡಿಸಿದರೆ ಅದೂ ಗೊತ್ತಾಗಬೇಕಲ್ಲ.

“ಮಿಲ್ಲು ಸೂಟಿ ಇದ್ದಾಗ ನಾಕು ಗಾಡಿ ಕರ್ಕೊಂಡು ಬರ್ರಿ ಕಾಕಾ, ರೆಕಾರ್ಡಿಂಗ್ ಐತಿ” ಎಂದೆ.

ಬಂದರು ನೋಡಿ! ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಹಣೆಗೆ ಗೊಂಡೆ ಕಟ್ಟಿದ್ದರು. ಗಾಡಿಯವರೂ ಒಗೆದ ಧೋತರ ಉಟ್ಟಿದ್ದರು. ಒಬ್ಬರಂತೂ, “ಇದರಾಗ ನನ್ನ ಮಾತೂ ಬರತಾವೇನ್ರಿ ಅಕ್ಕಾರ?” ಎಂದು ಕೇಳಿ ಗಂಟಲು ಸರಿಮಾಡಿಕೊಂಡರು. ಒಂದೊಂದೇ ಗಾಡಿ ಕಾಟಾ ಹತ್ತಿತು. ಮೂಗುದಾಣ ಬಿಗಿಯಾಗಿ ಹಿಡಿದು, ಬಾಯಿಗೆ ಬೆಲ್ಲ ಕೊಟ್ಟು, “ನಿಂದರ, ನನ ಅಪ್ಪಾ, ನಿಂದರ” ಎಂದು ರಮಿಸಿದರು. ಎತ್ತುಗಳು ಅಲುಗಾಡಲಿಲ್ಲ. ನನಗೋ ಕೆಲಸ ಹೂವಿನಂತೆ ಹಗುರಾಯಿತು ಅನ್ನುವ ಖುಷಿ. ಪ್ರೋಗ್ರಾಮನ್ನು ಅಷ್ಟಿಷ್ಟು ತಿದ್ದಿ ಫ್ಲಾಪಿ ಉಣಿಸಿದೆ. ಎಲ್ಲ ಗಾಡಿಗೂ ಪಟಪಟನೆ ಚೀಟಿ ಬಂತು.

ಮರುದಿನ ಕಾಕಾ ನಿಜವಾದ ಭತ್ತ ತಂದರು. ಎತ್ತು ಕುಣಿದವು, ಚೀಟಿ ಬರಲಿಲ್ಲ. ಸಾವ್ಕಾರರು ನನ್ನ ಕಡೆ ನೋಡದೆ ಒಳಗೆ ಹೋದರು. ಬೈದಿದ್ದರೇ ಚೆನ್ನಾಗಿತ್ತು.

ಕೂತು ಫ್ಲಾಪಿಯ ಅಂಕಿಗಳನ್ನು ಓದಿದೆ. ಎಲ್ಲವೂ ಕಲ್ಲಿನಂತೆ ನಿಂತಿವೆ. ನಗು ತಡೆಯಲಾಗಲಿಲ್ಲ. ಸ್ಟುಡಿಯೊದಲ್ಲಿ ಫೋಟೊ ತೆಗೆಸುವವರು ಉಸಿರು ಬಿಗಿ ಹಿಡಿದು ಕೂರುತ್ತಾರಲ್ಲ, ನವಲಿಯವರು ತಮ್ಮ ಎತ್ತುಗಳನ್ನು ಹಾಗೇ ನಿಲ್ಲಿಸಿದ್ದರು. ಮಾನವಂತರು. ಪಾಪ, ಅವರದೇನು ತಪ್ಪು?

ಮತ್ತೆ ಕರೆಸಿದೆ. ಮತ್ತೆ ಬಣ್ಣ, ಗೊಂಡೆ, ಬೆಲ್ಲ. ಎಲ್ಲ ಎತ್ತು ಫೋಟೊಗೆ ನಿಂತಂತೆ ನಿಂತವು. ಈ ಸಲ ಒಂದೊಂದು ಗಾಡಿಯ ಸರದಿ ಮುಗಿದಾಗಲೂ, “ರೆಕಾರ್ಡಿಂಗ್ ಮುಗೀತ್ರಿ, ಗಾಡಿ ಅಲ್ಲೇ ಇರಲಿ, ಚಹಾ ಕುಡದು ಬರ್ರಿ” ಎಂದೆ. ಮೂಗುದಾಣ ಸಡಿಲಾಯಿತು. ಕಂಪ್ಯೂಟರ್ ಮಾತ್ರ ತುಂಬಿಕೊಳ್ಳುತ್ತಲೇ ಇತ್ತು. ಎತ್ತುಗಳು ಬಾಲ ಬೀಸಿದವು, ಒಂದನ್ನೊಂದು ತಳ್ಳಿದವು. ಕಾಕಾನ ಬಲಗಡೆಯ ಎತ್ತು ಧಾರಾಳವಾಗಿ ಗಂಜಲ ಹಾಕಿತು. ಅದೂ ರೆಕಾರ್ಡ್ ಆಯಿತು.

ಬೆಲ್ಲ ತಿಂದು ನಿಂತಾಗಿನ ತೂಕವೇ ಸರಿಯಾದ ಉತ್ತರ; ಕುಣಿದಾಟದಿಂದಲೂ ಹೆಚ್ಚು ಕಡಿಮೆ ಅದೇ ಉತ್ತರ ಬರಬೇಕು. ಅಂಕಿ ನಿಲ್ಲಲಿ ಎಂದು ಕಾಯುವುದನ್ನು ಬಿಟ್ಟು, ಸ್ವಲ್ಪ ಹೊತ್ತು ನೋಡಿ ಏರಿಳಿತದ ನಡುವಿನ ಅಂಕಿ ಹಿಡಿಯುವಂತೆ ತಿದ್ದಿದೆ. ಗಾಡಿ ಸರಿಹೋಯಿತು, ಲಾರಿ ಕೆಟ್ಟಿತು: ಹಿಂದಿನ ಗಾಲಿ ಕಾಟಾ ಹತ್ತುವ ಮೊದಲೇ ಚೀಟಿ! ಪುಣ್ಯಕ್ಕೆ ಅದು ಫ್ಲಾಪಿಯ ಲಾರಿ, ಸಾವ್ಕಾರರ ಕಣ್ಣಿಗೆ ಬೀಳಲಿಲ್ಲ. ಅದನ್ನೂ ತಿದ್ದಿ, ಎಲ್ಲವನ್ನೂ ಮತ್ತೆ ಮೊದಲಿನಿಂದ ಓಡಿಸಿದೆ. ಕಡೆಗೆ ಲಾರಿ, ಎತ್ತು ಎರಡೂ ಒಪ್ಪಿದವು.

ಕಾಕಾ ತುಂಬಿದ ಗಾಡಿ ತಂದ ದಿನ ಎತ್ತುಗಳು ತಮ್ಮ ಸ್ವಭಾವ ಬಿಡಲಿಲ್ಲ, ಆದರೂ ಚೀಟಿ ಬಂತು. ಚೀಲ ಇಳಿಸಿ ಖಾಲಿ ಗಾಡಿ ಹತ್ತಿಸಿದಾಗಲೂ ಬಂತು. ಸಾವ್ಕಾರರು ನಂಬದೆ ಚೀಲಗಳನ್ನು ಹಳೆಯ ತಕ್ಕಡಿಯಲ್ಲಿ ತೂಗಿಸಿದರು. ಎರಡು ಚೀಟಿಗಳ ವ್ಯತ್ಯಾಸಕ್ಕೆ ತೂಕ ಸರಿಯಾಗಿ ಕೂಡಿತು.

ಕಾಕಾ ಕೈಯಲ್ಲಿದ್ದ ಚೀಟಿಯನ್ನು ನೋಡಲೇ ಇಲ್ಲ. ಸಾವ್ಕಾರರ ಮುಖ ನೋಡಿ ಮೆಲ್ಲಗೆ ಕೇಳಿದರು: “ನಾಳಿಗೆ ಗಾಡಿ ಹೂಡಲೇನ್ರಿ?”

“ಹೂಡು ಕಾಕಾ. ಊರಾಗ ಉಳದೋರಿಗೂ ಹೇಳು, ಬರ್ರಿ ಅಂತ.”

ಕಿಟಕಿಯ ಒಳಗೆ ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಕಾಕಾ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ನಿಂತೇಬಿಟ್ಟರು. ಹಿಂದಿನ ಲಾರಿ ಹಾರ್ನ್ ಹೊಡೆಯಿತು. ಎತ್ತುಗಳು ಅವರಿಗಾಗಿ ಕಾಯದೆ ನವಲಿಯ ದಾರಿ ಹಿಡಿದವು, ಕಾಕಾ “ಹೋ ಹೋ” ಎನ್ನುತ್ತ ಹಿಂದೆ ಓಡಿದರು.