ಮಿಸರಿ ಭಟ್ಟರು

ಸಂತೆಗುಳಿಯ ತ್ರ್ಯಂಬಕ ಭಟ್ಟರಿಗೆ ಗೋಡೆಯೊಳಗಿನ ಮಿಸರಿ ಜೇನೇ ಮನೆದೇವರು. ಬಂದವರನ್ನೆಲ್ಲ ಗೂಡಿನ ಮೇಣದ ಕೊಳವೆಬಾಗಿಲ ಮುಂದೆ ನಿಲ್ಲಿಸಿ, "ಹೆದರಡಿ, ಇದಕ್ಕೆ ಮುಳ್ಳೇ ಇಲ್ಲೆ," ಎನ್ನುತ್ತಿದ್ದರು. ಕಾವಲು ಹುಳಗಳು ಬಂದವರ ಕೂದಲೊಳಗೆ ನುಗ್ಗಿ ಕಚ್ಚುವಾಗ, "ಚುಚ್ಚಿದ್ದಿಲ್ಲೆ ಅಲ್ದಾ?" ಎಂದು ಗೆದ್ದವರಂತೆ ನಗುತ್ತಿದ್ದರು. ಅವರದು ಬೋಳುತಲೆ. ನೆಗಡಿಗೂ ಮಂಡಿನೋವಿಗೂ ಅದರ ಹುಳಿಜೇನು ಒಂದೇ ಹನಿ. ಎರಡನೆಯದು ಕೇಳಿದರೆ ಅವರೇ ಕಚ್ಚುತ್ತಾರೆ. ಕಣ್ಣು ಮಂಜಾಗಿ ಸೊಳ್ಳೆಯಷ್ಟೇ ಇರುವ ಆ ಹುಳ ಈಗ ಕಾಣುವುದಿಲ್ಲ, ಕಿವಿಯೂ ಅಷ್ಟಕ್ಕಷ್ಟೆ. ಆದರೂ ದಿನಾ ಬೆಳಿಗ್ಗೆ ಗೋಡೆಗೆ ಕಿವಿಯಿಟ್ಟು, "ಗುಂಯ್ ಹೇಳ್ತಾ ಇದ್ದು!" ಎಂದು ಊರಿಗೆಲ್ಲ ಕೇಳುವಂತೆ ಸಾರುತ್ತಾರೆ. ಗೂಡು ಬರಿದಾಗಿ ಎರಡು ತಿಂಗಳಾಯಿತು. ಗೋಡೆಯ ಆಚೆ ಅಡುಗೆಮನೆಯಲ್ಲಿ ಹೆಂಡತಿ ವನಮಾಲಾ ಖಾಲಿ ಮಿಕ್ಸಿ ಓಡಿಸುತ್ತ, ಅದನ್ನು ಗೋಡೆಗೆ ಒತ್ತಿ ಹಿಡಿದು ನಿಂತಿರುತ್ತಾರೆ.